ಜಿರಲೆ ಡಬ್ಬಿಗಿಂತ ಮೊದಲು ಜೋಳದ ನುಚ್ಚಿನ ಟ್ರೇ

ಗೆಕ್ಕೊ, ಬಿಯರ್ಡೆಡ್ ಡ್ರ್ಯಾಗನ್ ಸಾಕುವವರ ವಿಡಿಯೋದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಕಾಣ್ತದೆ. ಒಳಗೆ ಮೊಟ್ಟೆ ಟ್ರೇ, ಟ್ರೇ ತುಂಬ ಜಿರಲೆ. ಡುಬಿಯಾ ಅಂತ ಅದರ ಹೆಸರು, ದಕ್ಷಿಣ ಅಮೆರಿಕದ್ದು. ನುಣುಪು ಗೋಡೆ ಹತ್ತಲಾರದು, ನೇರ ಮರಿ ಹಾಕ್ತದೆ, 30 ಡಿಗ್ರಿ ಆಸುಪಾಸು ಬಿಸಿ ಇದ್ದರೆ ಚೆನ್ನಾಗಿ ಹೆಚ್ಚುತ್ತದೆ. ಹಲ್ಲಿಗೆ ಊಟ ಮನೆಯಲ್ಲೇ ತಯಾರು.

ಹುಳಕ್ಕೆ ಕಾಳು ಹಾಕಿ ಸಾಕೋದು, ಅದೂ ಇನ್ನೊಂದಕ್ಕೆ ತಿನ್ನಿಸಲಿಕ್ಕೆ! ನಮ್ಮ ಯಲವಿಗಿಯ ಕಟ್ಟೆ ಮೇಲೆ ಇದನ್ನ ಹೇಳಿದರೆ ನಗ್ತಾರೆ. ಆದರೆ ಕರ್ನಾಟಕದಲ್ಲಿ ಈ ಕೆಲಸ ಅರ್ಧ ಶತಮಾನಕ್ಕಿಂತ ಹಳೇದು.

1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತ ಕೇಂದ್ರ ಬೆಂಗಳೂರಿಗೆ ಬಂತು. 1977ರಲ್ಲಿ ಅಖಿಲ ಭಾರತ ಮಟ್ಟದ ಯೋಜನೆ, 1993ರಲ್ಲಿ ಪ್ರತ್ಯೇಕ ನಿರ್ದೇಶನಾಲಯ. ಇವತ್ತು ಅದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ. ಬೆಳೆ ತಿನ್ನುವ ಹುಳವನ್ನು ಇನ್ನೊಂದು ಹುಳದಿಂದಲೇ ಹೊಡೆಸೋದು ಇವರ ಕಸುಬು.

ಹೊಡೆಯುವ ಹುಳ ಅಂದರೆ ಟ್ರೈಕೋಗ್ರಾಮ. ಒಂದು ಮಿಲಿಮೀಟರೂ ಇಲ್ಲದ ಕಣಜ. ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡ್ತದೆ, ಇದರ ಮರಿ ಆ ಮೊಟ್ಟೆಯನ್ನೇ ತಿಂದು ಬೆಳೀತದೆ. ಇದನ್ನ ಲಕ್ಷಗಟ್ಟಲೆ ಬೆಳೆಸಬೇಕಂದರೆ ಲಕ್ಷಗಟ್ಟಲೆ ಪತಂಗದ ಮೊಟ್ಟೆ ಬೇಕು. ನಾನು ಓದಿದ್ದು ಬಿಕಾಂ, ಹಂಗಾಗಿ ನನ್ನ ಕಣ್ಣು ಕಚ್ಚಾ ಮಾಲಿನ ಮೇಲೆ. ಆರಿಸಿದ್ದು ಅಕ್ಕಿ ಪತಂಗ, ಶಾಸ್ತ್ರದಲ್ಲಿ ಕಾರ್ಸೈರಾ. ಹಳೇ ಜೋಳದ ಚೀಲ ಬಿಚ್ಚಿದರೆ ಕಾಳಿಗೆ ಕಾಳು ಅಂಟಿಸಿ ಬಲೆ ಕಟ್ಟಿರ್ತದಲ್ಲ, ಅದೇ. ನಮ್ಮ ಕಣಜದಲ್ಲಿ ಮೊದಲಿಂದಲೂ ಇದ್ದ ಕಳ್ಳ.

ಒಂದು ಟ್ರೇಗೆ ಎರಡೂವರೆ ಕಿಲೋ ಜೋಳದ ಇಲ್ಲಾ ಸಜ್ಜೆಯ ನುಚ್ಚು, ಮೊದಲು ಬಿಸಿ ಮಾಡಿ ಶುದ್ಧ ಮಾಡಿದ್ದು. 100 ಗ್ರಾಂ ಶೇಂಗಾ ಪುಡಿ, ಐದೈದು ಗ್ರಾಂ ಯೀಸ್ಟ್, ಗಂಧಕ. ಪತಂಗದ ಮೊಟ್ಟೆ ಉದುರಿಸಿ ಬಟ್ಟೆ ಕಟ್ಟಿದರೆ ಸುಮಾರು 40 ದಿನಕ್ಕೆ ಪತಂಗ ಹೊರಗೆ. (ರೊಟ್ಟಿಯ ಜೋಳ ಹುಳಕ್ಕೆ ಹೋಯಿತಲ್ಲ ಅಂತ ಅಜ್ಜಿ ಬೈದರೆ ನನ್ನ ಹತ್ತಿರ ಉತ್ತರ ಇಲ್ಲ.) ಅವು ಇಟ್ಟ ಮೊಟ್ಟೆಯನ್ನು ಕಾರ್ಡಿಗೆ ಅಂಟಿಸಿ, ಅತಿನೇರಳೆ ಬೆಳಕಿಗೆ ಹಿಡೀತಾರೆ. ಒಳಗಿನ ಮರಿ ಸಾಯ್ತದೆ, ಮೊಟ್ಟೆ ಕಣಜಕ್ಕೆ ಊಟವಾಗಿ ಉಳೀತದೆ. ಅಕಸ್ಮಾತ್ ಕಾರ್ಡು ಹೊಲಕ್ಕೆ ಹೋದರೂ ಅಲ್ಲಿ ಹೊಸ ಪತಂಗ ಹುಟ್ಟಬಾರದು. ನನಗೆ ಇಡೀ ಕಥೆಯಲ್ಲಿ ಹೆಚ್ಚು ಹಿಡಿಸಿದ್ದು ಈ ಹೆಜ್ಜೆ.

ಇದು ನಮ್ಮ ಊರಿಗೆ ಯಾಕೆ ಬೇಕು? 2018ರ ಮೇ ತಿಂಗಳು ಶಿವಮೊಗ್ಗದ ಗೋವಿನಜೋಳದಲ್ಲಿ ಭಾರತದಲ್ಲೇ ಮೊದಲ ಸಲ ಫಾಲ್ ಸೈನಿಕ ಹುಳು ಸಿಕ್ಕಿತು. ರೈತರ ಮಾತಿನಲ್ಲಿ ಲದ್ದಿ ಹುಳು. ಅಮೆರಿಕ ಖಂಡದ್ದು, ಯಾರೂ ಕರೆದಿರಲಿಲ್ಲ. ಅಲ್ಲಿಂದ ಹಾವೇರಿ ದೂರವಲ್ಲ, ಸವಣೂರು ತಾಲೂಕಿನ ಹೊಲಗಳಲ್ಲೂ ಗೋವಿನಜೋಳವೇ. ಅದರ ಮೊಟ್ಟೆ ನಾಶಕ್ಕೆ ಎಕರೆಗೆ 50,000 ಟ್ರೈಕೋಗ್ರಾಮ ಬಿಡಿ ಅಂತ ಶಿಫಾರಸು ಬಂತು. ಆ 50,000 ಕಣಜದ ಹಿಂದೆ ಇರೋದು ಜೋಳದ ನುಚ್ಚಿನ ಟ್ರೇ.

ಈಗ ಡುಬಿಯಾ ಡಬ್ಬಿಗೆ ಬರೋಣ. ವಿದೇಶದ ಜೀವಂತ ಕೀಟ ತರಿಸಲಿಕ್ಕೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ ಬೇಕು. ಬ್ಯೂರೋದವರು ಹೊರಗಿನ ಕೀಟ ತಂದರೆ ಮೊದಲು ಕ್ವಾರಂಟೈನ್‌ನಲ್ಲಿ ಪರೀಕ್ಷೆ, ಆಮೇಲೆ ಬಿಡುಗಡೆ. ಆನ್‌ಲೈನ್‌ನಲ್ಲಿ ಡಬ್ಬಿ ಮಾರುವವರನ್ನು ಈ ಜಿರಲೆ ಯಾವ ದಾರಿಯಲ್ಲಿ ಬಂತು ಅಂತ ಕೇಳಿ ನೋಡ್ರಿ. ಡುಬಿಯಾ ಗೋಡೆ ಹತ್ತೋದಿಲ್ಲ ನಿಜ, ಆದರೆ ಮುಚ್ಚಳ ತೆಗೆಯುವ ಕೈ ನಮ್ಮದು.

ಹಲ್ಲಿಯದೂ ಲೆಕ್ಕ ಇದೆ. ಉಡ, ನಕ್ಷತ್ರ ಆಮೆ ಇಟ್ಟುಕೊಳ್ಳೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಅಂತರರಾಷ್ಟ್ರೀಯ ಸೈಟಿಸ್ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿ ಇದ್ದರೆ 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು.

ಒಂದು ವಿಷಯದಲ್ಲಿ ಮಾತ್ರ ಎರಡೂ ಕಡೆ ಸಮ. ಕಾರ್ಸೈರಾ ಸಾಕುವ ಕೋಣೆಯಲ್ಲಿ ರೆಕ್ಕೆಯ ಪುಡಿ ಹಾರಿ ಕೆಲಸದವರಿಗೆ ಅಲರ್ಜಿ, ಉಬ್ಬಸ ಬರ್ತದೆ. ಜಿರಲೆಯ ಪೊರೆ, ಹಿಕ್ಕೆಯ ಧೂಳಿನಿಂದಲೂ ಹಾಗೇ. ಡಬ್ಬಿ ಮಲಗುವ ಕೋಣೆಯಲ್ಲಿದ್ದರೆ ಇವತ್ತೇ ಹೊರಗಿಡ್ರಿ, ತೊಳೆಯುವಾಗ ಮಾಸ್ಕ್ ಹಾಕ್ರಿ.