ಅಮ್ಮನ ಹಲ್ಲು ಸೆಟ್ಟಿಗೆ ಮೂರು ಬೆಲೆ: ದುಡ್ಡು ಯಾವುದಕ್ಕೆ, ಆಯ್ಕೆ ಹೇಗೆ?

ನಮ್ಮಮ್ಮ ಅಗಿಯೋದನ್ನ ನಿಲ್ಲಿಸಿ ಎಷ್ಟು ದಿನ ಆಗಿತ್ತೋ, ಮನೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಮುದ್ದೆ ತಿನ್ನುವ ಮನೆಯಲ್ಲಿ ಅದು ಗೊತ್ತಾಗೋದೂ ಕಷ್ಟ. ಮುದ್ದೆಯನ್ನು ಯಾರೂ ಅಗಿಯಲ್ಲ, ನುಂಗ್ತಾರೆ. ಚಕ್ಕುಲಿ, ಕೊಬ್ಬರಿ, ಹುರಿಗಡಲೆ ಒಂದೊಂದಾಗಿ ಅವರ ತಟ್ಟೆಯಿಂದ ಮಾಯವಾದಾಗ, "ಈಗ ನಂಗದು ಸೇರಲ್ಲ" ಅಂದಿದ್ದನ್ನೇ ನಂಬಿದ್ವಿ. ಡಾಕ್ಟರ್ ಹತ್ತಿರ ಹೋದಾಗ ಮೇಲೆ ಉಳಿದಿದ್ದು ಅಲುಗಾಡುವ ನಾಲ್ಕು ಹಲ್ಲು, ಕೆಳಗೆ ಗಟ್ಟಿಯಾದ ಆರು ಮುಂಬಲ್ಲು.

ಮೇಲಿನ ನಾಲ್ಕನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಕೀಳಿಸಿದ್ವಿ, ಹೆಚ್ಚೇನೂ ಖರ್ಚಾಗಲಿಲ್ಲ. ಹಲ್ಲು ಕಟ್ಟಿಸೋಕೆ ಮೂರು ಖಾಸಗಿ ಕ್ಲಿನಿಕ್ ಸುತ್ತಿದಾಗ ಒಂದೇ ಬಾಯಿಗೆ ಮೂರು ಬೆಲೆ ಬಂತು: 14 ಸಾವಿರ, 42 ಸಾವಿರ, 4 ಲಕ್ಷ. ಇಂಜಿನಿಯರಿಂಗ್ ಓದಿದವನ ಚಟ, ಕೊಟೇಶನ್ ಕಂಡರೆ ಬಿಡಿಭಾಗಗಳ ಲೆಕ್ಕ ಕೇಳ್ತೀನಿ. ಹಾಗೆ ಕೇಳಿ ತಿಳಿದಿದ್ದು ಇದು.

ಬೆಲೆ ಪ್ಲಾಸ್ಟಿಕ್ಕಿನದ್ದಲ್ಲ

ಸಾಮಾನ್ಯ ಸೆಟ್ಟಿನ ಒಸಡಿನ ಭಾಗ ಅಕ್ರಿಲಿಕ್, ಅಂದರೆ ಪಾಲಿಮೀಥೈಲ್ ಮೆಥಾಕ್ರಿಲೇಟ್. 1930ರ ದಶಕದ ಕೊನೆಯಿಂದಲೂ ಹಲ್ಲು ಸೆಟ್ಟಿಗೆ ಬಳಸ್ತಿರೋ ವಸ್ತು. ಅದರ ಬೆಲೆ ಬಿಲ್ಲಿನಲ್ಲಿ ಸಣ್ಣ ಪಾಲು. ದೊಡ್ಡ ಪಾಲು ಡಾಕ್ಟರ ಸಮಯಕ್ಕೆ ಮತ್ತು ಲ್ಯಾಬ್ ಟೆಕ್ನಿಷಿಯನ್ ಕೈಕೆಲಸಕ್ಕೆ. ಸರಿಯಾದ ಸೆಟ್ಟಿಗೆ ಸುಮಾರು ಐದು ಭೇಟಿ ಬೇಕು: ಮೊದಲ ಅಚ್ಚು, ಎರಡನೇ ನಿಖರ ಅಚ್ಚು, ಎರಡು ದವಡೆಗಳ ಹೊಂದಾಣಿಕೆಯ ಅಳತೆ, ಮೇಣದ ಮೇಲೆ ಹಲ್ಲು ಕೂರಿಸಿ ಪ್ರಯೋಗ, ಕೊನೆಗೆ ಹಾಕೋದು. ಅದಾದ ಮೇಲೆ ಒತ್ತುವ ಕಡೆ ತಿದ್ದಿಸೋಕೆ ಎರಡು ಮೂರು ಸಲ. ಡಿಜಿಟಲ್ ಸ್ಕ್ಯಾನ್ ಇದ್ದರೆ ಭೇಟಿ ಕಡಿಮೆಯಾಗಬಹುದು. ಅದೂ ಇಲ್ಲದೆ "ಎರಡೇ ದಿನದಲ್ಲಿ ಸೆಟ್" ಅಂದರೆ, ಯಾವ ಹಂತ ಬಿಡ್ತಿದ್ದೀರಿ ಅಂತ ಕೇಳಿ.

ಯಾವುದು ಯಾರಿಗೆ?

ದರಗಳು ದೊಡ್ಡ ಊರುಗಳ ಖಾಸಗಿ ಕ್ಲಿನಿಕ್‌ಗಳ ಅಂದಾಜು. ಊರು, ಲ್ಯಾಬ್ ನೋಡಿ ಹೆಚ್ಚೂ ಕಡಿಮೆ ಆಗುತ್ತೆ.

ಪೂರ್ತಿ ಅಕ್ರಿಲಿಕ್ ಸೆಟ್: ಮೇಲೂ ಕೆಳಗೂ ಸೇರಿ 10ರಿಂದ 30 ಸಾವಿರ. ಒಂದೂ ಹಲ್ಲಿಲ್ಲದವರಿಗೆ. ಮೇಲಿನದು ಅಂಗುಳಕ್ಕೆ ಅಂಟಿ ನಿಲ್ಲುತ್ತೆ. ಕೆಳಗಿನದಕ್ಕೆ ಆಧಾರದ ಜಾಗವೂ ಕಮ್ಮಿ, ನಾಲಿಗೆಯ ತಳ್ಳಾಟವೂ ಜಾಸ್ತಿ, ಮೂಳೆ ಸವೆಯೋದೂ ಬೇಗ. ಬಹುತೇಕ ದೂರು ಕೆಳಗಿನ ಸೆಟ್ಟಿನದೇ.

ಲೋಹದ ಭಾಗಶಃ ಸೆಟ್: ಒಂದು ದವಡೆಗೆ 10ರಿಂದ 25 ಸಾವಿರ. ಕೋಬಾಲ್ಟ್-ಕ್ರೋಮಿಯಂ ಚೌಕಟ್ಟು ಉಳಿದ ಹಲ್ಲುಗಳ ಮೇಲೆ ಕೂರುವುದರಿಂದ ಒತ್ತಡ ಪೂರಾ ಒಸಡಿನ ಮೇಲೆ ಬೀಳಲ್ಲ. ತೆಳು, ಗಟ್ಟಿ. ಅಕ್ರಿಲಿಕ್ ಭಾಗಶಃ ಸೆಟ್ ಕೆಲವೇ ಸಾವಿರಕ್ಕೆ ಸಿಗುತ್ತೆ, ಆದರೆ ತಾತ್ಕಾಲಿಕ ಅಂತಲೇ ನೋಡಿ.

ಫ್ಲೆಕ್ಸಿಬಲ್: ನೈಲಾನಿನದು, ಲೋಹದ ಕೊಕ್ಕೆ ಕಾಣಲ್ಲ, ಬೇಗ ಮುರಿಯಲ್ಲ. ದರ ಲೋಹದ್ದಕ್ಕೆ ಹತ್ತಿರ. ಸಮಸ್ಯೆ ಅಂದ್ರೆ ಸಡಿಲಾದರೆ ರಿಪೇರಿ ಕಷ್ಟ, ಭಾರವೆಲ್ಲ ಒಸಡಿನ ಮೇಲೆ.

ಇಂಪ್ಲಾಂಟ್ ಆಧಾರದ್ದು: ಕೆಳದವಡೆಗೆ ಎರಡು ಇಂಪ್ಲಾಂಟ್ ಹಾಕಿ ಅದಕ್ಕೆ ಗುಂಡಿಯಂತೆ ಸಿಕ್ಕಿಸುವ ಸೆಟ್ಟಿಗೆ ಒಂದು ಲಕ್ಷದ ಆಸುಪಾಸು ಅಥವಾ ಹೆಚ್ಚು. ಹಲ್ಲೇ ಇಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಬೇಕು ಅಂತ 2002ರಲ್ಲಿ ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದ್ದರು. ತೆಗೆಯಲಾಗದಂತೆ ಕೂರಿಸುವ ಪೂರ್ತಿ ಸಾಲು ಹಲವು ಲಕ್ಷ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ, ಬೀಡಿ ಸಿಗರೇಟು ಬಿಟ್ಟಿಲ್ಲದಿದ್ದರೆ ಇಂಪ್ಲಾಂಟ್ ಸೋಲುವ ಸಾಧ್ಯತೆ ಹೆಚ್ಚು.

ಅಗ್ಗದ್ದರಲ್ಲಿ ಇಲ್ಲದ್ದೇನು?

ಅಮ್ಮನ 14 ಸಾವಿರದ ಕೊಟೇಶನ್ನಿನಲ್ಲಿ ಕೆಳಗಿನ ಸೆಟ್ಟೇ ಇರಲಿಲ್ಲ. "ಕೆಳಗೆ ಆರು ಹಲ್ಲಿದೆಯಲ್ಲ, ಸಾಕು" ಅಂದಿದ್ದರು. ಎಡವಟ್ಟಾಗೋದೇ ಇಲ್ಲಿ. ಕೆಳಗೆ ಮುಂದೆ ಮಾತ್ರ ಹಲ್ಲಿದ್ದು ಹಿಂದೆ ಖಾಲಿ ಇದ್ದರೆ, ಕಚ್ಚಿದಾಗಲೆಲ್ಲ ಮೇಲಿನ ಸೆಟ್ಟಿನ ಮುಂಭಾಗಕ್ಕೇ ಪೆಟ್ಟು. ಕಾಲಕ್ರಮೇಣ ಅಲ್ಲಿನ ಮೂಳೆ ಸವೆದು ಸೆಟ್ ಅಲುಗಾಡುತ್ತೆ. 4 ಲಕ್ಷದವರು ಗಟ್ಟಿಯಾಗಿದ್ದ ಆರು ಹಲ್ಲನ್ನೂ ಕಿತ್ತು ಇಂಪ್ಲಾಂಟ್ ಹಾಕೋಣ ಅಂದರು. ನಾವು ಆರಿಸಿದ್ದು ಮಧ್ಯದ್ದು: ಮೇಲೆ ಅಕ್ರಿಲಿಕ್, ಕೆಳಗೆ ಲೋಹದ ಭಾಗಶಃ ಸೆಟ್.

ದುಡ್ಡು ಕೊಡುವ ಮುಂಚೆ ಕೇಳಿ: ತಿದ್ದುಪಡಿ ಭೇಟಿಗಳು ಬೆಲೆಯಲ್ಲಿ ಸೇರಿವೆಯಾ? ಮೂಳೆ ಸವೆದಂತೆ ಒಳಪದರ ಬದಲಿಸೋಕೆ ಎಷ್ಟು? ಸೆಟ್ಟಿನ ಆಯುಸ್ಸು ಸುಮಾರು ಐದರಿಂದ ಎಂಟು ವರ್ಷ, ಜೀವನಪೂರ್ತಿ ಅಂದರೆ ನಂಬಬೇಡಿ. ಹಲ್ಲು ಕಿತ್ತ ಮೇಲೆ ಒಸಡು ಮಾಯೋಕೆ ಒಂದೂವರೆಯಿಂದ ಮೂರು ತಿಂಗಳು ಕಾದರೆ ಅಳತೆ ಸರಿಯಾಗಿ ಸಿಗುತ್ತೆ. ರಾತ್ರಿ ತೆಗೆದು ತಣ್ಣೀರಲ್ಲಿಡಿ. ಕುದಿಯೋ ನೀರಿಗೆ ಆಕಾರ ಕೆಡುತ್ತೆ, ಟೂತ್‌ಪೇಸ್ಟ್‌ಗೆ ಗೀರು ಬೀಳುತ್ತೆ, ಮೆತ್ತನೆ ಬ್ರಷ್ಷು ಸೋಪು ಸಾಕು.

ಸರ್ಕಾರದ ಬಾಗಿಲು

ನಮ್ಮ ರಾಜ್ಯದಲ್ಲಿ 2014ರಲ್ಲಿ ಶುರುವಾದ 'ದಂತಭಾಗ್ಯ' ಯೋಜನೆ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಕೊಡೋಕೆ ಅಂತಲೇ ಬಂದದ್ದು. ಹೋಗುವ ಮುಂಚೆ ಜಿಲ್ಲಾಸ್ಪತ್ರೆಯ ದಂತ ವಿಭಾಗದಲ್ಲಿ ಸದ್ಯದ ನಿಯಮ ವಿಚಾರಿಸಿ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಬಿಪಿಎಲ್ ಇಲ್ಲದವರಿಗೆ ದಂತ ವೈದ್ಯಕೀಯ ಕಾಲೇಜುಗಳಿವೆ, ರಾಜ್ಯದಲ್ಲಿ 40ಕ್ಕೂ ಹೆಚ್ಚು. ವಿದ್ಯಾರ್ಥಿಗಳು ಅಧ್ಯಾಪಕರ ಉಸ್ತುವಾರಿಯಲ್ಲಿ ಮಾಡ್ತಾರೆ. ಸಮಯ ಹಿಡಿಯುತ್ತೆ, ಆದರೆ ಖರ್ಚು ಖಾಸಗಿಯದರ ಒಂದು ಪಾಲು.

ಖಾಸಗಿ ಆರೋಗ್ಯ ವಿಮೆ ಬಹುತೇಕ ಕೈಕೊಡುತ್ತೆ. ಅಪಘಾತದಲ್ಲಿ ಹಲ್ಲು ಹೋಗದಿದ್ದರೆ ಸಾಮಾನ್ಯ ಪಾಲಿಸಿಗಳಲ್ಲಿ ಅದು ಹೊರಗೆ. 2021ರಲ್ಲಿ ವಿಶ್ವ ಆರೋಗ್ಯ ಸಭೆ ಬಾಯಿಯ ಆರೋಗ್ಯವನ್ನು ಸಾರ್ವತ್ರಿಕ ಆರೋಗ್ಯ ರಕ್ಷಣೆಯೊಳಗೆ ತರಬೇಕು ಅಂತ ನಿರ್ಣಯ ಮಾಡಿತು. ನಮ್ಮಲ್ಲಿ ಇವತ್ತಿಗೂ ಹಲ್ಲು ಅಂದ್ರೆ ಅಲಂಕಾರ. ಮುರಿದ ಕಾಲು ಚಿಕಿತ್ಸೆ, ಅಗಿಯಲಾಗದ ಬಾಯಿ ಶೋಕಿ! ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನೋ ಗಾದೆಯನ್ನು ಹಣೆಬರಹ ಅಂತ ಓದ್ತೀವಿ. ಅದರ ಎರಡನೇ ಅರ್ಧವನ್ನಾದರೂ ಬಜೆಟ್ಟಿನಲ್ಲಿ ತಿದ್ದಬಹುದು.

ಅಮ್ಮನಿಗೆ ಸೆಟ್ ಒಗ್ಗೋಕೆ ಒಂದೂವರೆ ತಿಂಗಳು ಬೇಕಾಯ್ತು. ಮೊದಲ ವಾರ ತೆಗೆದಿಟ್ಟು ಊಟ ಮಾಡ್ತಿದ್ದರು. ಈಗ ಕೋಸಂಬರಿ ತಿಂತಾರೆ, ಚಕ್ಕುಲಿ ಮುರಿದುಕೊಂಡು ತಿಂತಾರೆ. ಈ ಸಲ ಊರಿಗೆ ಹೋದಾಗ ನಿಮ್ಮ ಮನೆಯ ಹಿರಿಯರ ತಟ್ಟೆ ಸ್ವಲ್ಪ ನೋಡಿ, ಏನು ಮಾಯವಾಗಿದೆ ಅಂತ.