ಯಾರ ಬೌಲಿಂಗ್ ಬಳಗ ದೊಡ್ಡದು?

ಡೊಂಬಿವಲಿಯಿಂದ ಹೊರಟ ಲೋಕಲ್‌ನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಈ ಚರ್ಚೆ ದಾದರ್ ಬಂದರೂ ಮುಗಿಯುವುದಿಲ್ಲ: ಕರ್ನಾಟಕದ ಅತಿ ಶ್ರೇಷ್ಠ ಬೌಲಿಂಗ್ ಬಳಗ ಯಾವುದು?

ಹುಡುಗರು ವಿನಯ್ ಕುಮಾರ್, ಮಿಥುನ್, ಅರವಿಂದ್ ಎನ್ನುತ್ತಾರೆ. 2015ರ ರಣಜಿ ಸೆಮಿಫೈನಲ್‌ನಲ್ಲಿ ಮುಂಬಯಿ ಬರೀ 44 ರನ್ನಿಗೆ ಆಲೌಟ್ ಆಯಿತಲ್ಲ, ಆಗ ವಿನಯ್ 20 ರನ್ನಿಗೆ 6 ವಿಕೆಟ್ ಕಿತ್ತಿದ್ದರು. (ಮರುದಿನ ಆಫೀಸಿನಲ್ಲಿ ಎಷ್ಟು ಮೆಲ್ಲಗೆ ನಕ್ಕಿರಿ, ಹೇಳಿ!) ನನ್ನ ವಯಸ್ಸಿನವರಿಗೆ ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್, ಸುನಿಲ್ ಜೋಶಿ. ಟೆಸ್ಟ್‌ನಲ್ಲಿ ಕುಂಬ್ಳೆಗೆ 619, ಶ್ರೀನಾಥ್‌ಗೆ 236 ವಿಕೆಟ್. ಲೆಕ್ಕದಲ್ಲಿ ಇವರನ್ನು ಮೀರಿಸುವವರಿಲ್ಲ.

ನನ್ನ ಮತ ಮಾತ್ರ ಪ್ರಸನ್ನ, ಚಂದ್ರಶೇಖರ್ ಅವರಿಗೆ. ಇಬ್ಬರೇ ಬಳಗವೇ ಎನ್ನಬೇಡಿ. ಒಬ್ಬರು ಚೆಂಡನ್ನು ಗಾಳಿಯಲ್ಲಿ ತೇಲಿಸಿ ಆಸೆ ಹುಟ್ಟಿಸುವವರು. ಇನ್ನೊಬ್ಬರು ಪೋಲಿಯೋದಿಂದ ಸೊರಗಿದ ಬಲಗೈಯಲ್ಲೇ ವೇಗದ ಗೂಗ್ಲಿ ಎಸೆಯುವವರು. 1958-59ರಿಂದ ಸತತ 15 ವರ್ಷ ರಣಜಿ ಟ್ರೋಫಿ ಮುಂಬಯಿ ಬಿಟ್ಟು ಕದಲಿರಲಿಲ್ಲ. 1974ರಲ್ಲಿ ಬೆಂಗಳೂರಿನಲ್ಲಿ ಸೆಮಿಫೈನಲ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ 385. ಗಾವಸ್ಕರ್ ನೆಲೆಯೂರಿದ್ದರೆ ಅದೂ ಸಾಲುತ್ತಿರಲಿಲ್ಲ. ನಾಯಕ ಪ್ರಸನ್ನ ಅವರನ್ನು ಬೌಲ್ಡ್ ಮಾಡಿದರು. ವಾಡೇಕರ್ ಕಾಲು ಜಾರಿ ರನೌಟ್ ಆದದ್ದು ನಮ್ಮ ಅದೃಷ್ಟ, ಒಪ್ಪುತ್ತೇನೆ. ಮುಂಬಯಿ 307ಕ್ಕೆ ನಿಂತಿತು. ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಫೈನಲ್ ತಲುಪಿದ ತಂಡ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿತು. 'ಮೈಸೂರು' ಹೋಗಿ 'ಕರ್ನಾಟಕ' ಎಂಬ ಹೆಸರು ಬಂದ ಮೊದಲ ಋತುವಿನಲ್ಲೇ ಮೊದಲ ಟ್ರೋಫಿ!

ಠಾಣೆ, ಕಲ್ಯಾಣದಲ್ಲೇ ಹುಟ್ಟಿ ಬೆಳೆದ ನಿಮ್ಮ ಮಕ್ಕಳು ಆ ದಿನ ಯಾರ ಕಡೆ ಇರುತ್ತಿದ್ದರು? ಕೇಳಿ ನೋಡಿ, ನಮಗೂ ಬರೆದು ತಿಳಿಸಿ.