ಶೇಕಡಾ 0.1ರ ಪ್ರಭಾವ: ಔಷಧ ಪರೀಕ್ಷೆಯಲ್ಲಿ ಮೊಬೈಲ್ ಫೇಸ್ ಸೇರ್ಪಡೆಗಳ ಚರಿತ್ರೆ

ವಡೋದರ ಔಷಧ ತಯಾರಿಕೆಯಲ್ಲಿ ಹಳೆಯ ಊರು. ಅಲೆಂಬಿಕ್ ಕಂಪನಿ ಅಲ್ಲಿ ಹುಟ್ಟಿದ್ದು 1907ರಲ್ಲಿ, ಸಾರಾಭಾಯಿ ಕೆಮಿಕಲ್ಸ್ 1943ರಲ್ಲಿ. ಈಗ ಇಂಥ ಊರುಗಳಲ್ಲಿ ಮಾತ್ರೆಯ ಶುದ್ಧತೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಎಚ್‌ಪಿಎಲ್‌ಸಿ, ಅಂದರೆ ಅಧಿಕ ದಕ್ಷತೆಯ ದ್ರವ ಕ್ರೊಮ್ಯಾಟೊಗ್ರಫಿ (ಎಲ್‌ಸಿ). ಅದರ ಚರಿತ್ರೆ ಬರೆದವರು ಪಂಪು, ಕಾಲಂಗಳಿಗೆ ಕೊಟ್ಟಷ್ಟು ಜಾಗವನ್ನು, ಕಾಲಂ ಮೂಲಕ ಹರಿಸುವ ದ್ರಾವಣಕ್ಕೆ ಅಂದರೆ ಮೊಬೈಲ್ ಫೇಸಿಗೆ ಬೆರೆಸುವ ಆಮ್ಲ, ಲವಣ, ಅಮೀನುಗಳಿಗೆ ಕೊಟ್ಟಿಲ್ಲ. ಕಾಲಂ ಮತ್ತು ಡಿಟೆಕ್ಟರ್ ಬದಲಾದಂತೆಲ್ಲ ಈ ಸೇರ್ಪಡೆಗಳೂ ಬದಲಾದವು ಎಂಬುದು ಈ ಲೇಖನದ ವಾದ.

1950ರಲ್ಲಿ ಹೊವರ್ಡ್ ಮತ್ತು ಮಾರ್ಟಿನ್ ತೋರಿಸಿಕೊಟ್ಟ, ಜಿಡ್ಡಿನಂಥ ಮೈಯ ಕಾಲಂ ಬಳಸುವ ರಿವರ್ಸ್ಡ್ ಫೇಸ್ ವಿಧಾನ, 1970ರ ದಶಕದಲ್ಲಿ ಸಿ18 ಸಿಲಿಕಾ ಕಾಲಂಗಳೊಂದಿಗೆ ಔಷಧ ಪರೀಕ್ಷೆಗೆ ಬಂತು. ಆದರೆ ಸಿಲಿಕಾದ ಮೈಮೇಲೆ ಮುಚ್ಚದೆ ಉಳಿದ ಸಿಲನಾಲ್ ಗುಂಪುಗಳು ಅಮಿಟ್ರಿಪ್ಟಿಲೀನ್‌ನಂಥ ಕ್ಷಾರೀಯ ಔಷಧಗಳನ್ನು ಹಿಡಿದೆಳೆಯುತ್ತಿದ್ದವು. ಹಾಗಾಗಿ ಡಿಟೆಕ್ಟರ್ ಬರೆಯುವ ಗೆರೆಯಲ್ಲಿ ಔಷಧದ ಪೀಕ್‌ಗೆ ಉದ್ದನೆಯ ಬಾಲ ಬೆಳೆಯುತ್ತಿತ್ತು. ಬಾಲದಡಿ ಸಣ್ಣ ಕಲ್ಮಶದ ಪೀಕ್ ಅಡಗಿದರೆ ಶುದ್ಧತೆಯ ಲೆಕ್ಕವೇ ತಪ್ಪುತ್ತದೆ. ಮೊಬೈಲ್ ಫೇಸಿಗೆ ಬೆರೆಸಿದ ಟ್ರೈಈಥೈಲಮೀನ್ ಎಂಬ ಅಮೀನು ಈ ಸಿಲನಾಲ್‌ಗಳಿಗೆ ತಾನೇ ಅಂಟಿಕೊಂಡು ಔಷಧವನ್ನು ಬಿಡಿಸಿತು. ಪಿಎಚ್ 2.5–3ರ ಫಾಸ್ಫೇಟ್ ಬಫರ್ ಸಿಲನಾಲ್‌ಗಳ ವಿದ್ಯುದಂಶವನ್ನು ಅಡಗಿಸಿತು.

ಮೆಟ್‌ಫಾರ್ಮಿನ್ ಎಂಬ ಔಷಧದ್ದು ಇನ್ನೊಂದು ತೊಡಕು: ಅದು ನೀರನ್ನೇ ಹೆಚ್ಚು ಮೆಚ್ಚುವ ಅಣು, ಸಿ18 ಕಾಲಂನಲ್ಲಿ ನಿಲ್ಲುವುದೇ ಇಲ್ಲ. ಸ್ವೀಡನ್ನಿನ ಗೊರಾನ್ ಶಿಲ್ ಮತ್ತವರ ಜೊತೆಗಾರರು ಅಯಾನ್ ಜೋಡಿಗಳ ಮೇಲೆ ನಡೆಸಿದ ಅಧ್ಯಯನ ಇದಕ್ಕೆ ದಾರಿ ತೋರಿಸಿತು. ಹೆಪ್ಟೇನ್ ಸಲ್ಫೊನೇಟ್ ಬೆರೆಸಿದರೆ ಧನಾಯಾನ್ ಔಷಧ ಅದರೊಡನೆ ಜೋಡಿಯಾಗಿ ಕಾಲಂನಲ್ಲಿ ತಡೆದು ನಿಲ್ಲುತ್ತದೆ. ಆದರೆ ಒಮ್ಮೆ ಹೀಗೆ ಬಳಸಿದ ಕಾಲಂನಿಂದ ಸಲ್ಫೊನೇಟ್ ಪೂರ್ತಿ ತೊಳೆದುಹೋಗುವುದಿಲ್ಲ. ಅಂಥ ಕಾಲಂ ಅನ್ನು ಆ ಒಂದು ಪರೀಕ್ಷೆಗೇ ಮೀಸಲಿಡುವುದು ಜಾಣತನ. ಫಾಸ್ಫೇಟಿಗೂ ತನ್ನದೇ ಕಟ್ಟುಪಾಡು ಇದೆ. ದಿನದ ಕೆಲಸ ಮುಗಿದಾಗ ಮೊದಲು ನೀರು ಹರಿಸಬೇಕು, ಆಮೇಲೆ ಅಸಿಟೊನೈಟ್ರೈಲ್. ಅವಸರದಲ್ಲಿ ನೇರವಾಗಿ ಅಸಿಟೊನೈಟ್ರೈಲ್ ಬಿಟ್ಟರೆ ಲವಣ ಹರಳುಗಟ್ಟಿ ಪಂಪಿನ ಸೀಲನ್ನು ಕೊರೆಯುತ್ತದೆ.

ಜಾನ್ ಫೆನ್ 1980ರ ದಶಕದಲ್ಲಿ ರೂಪಿಸಿದ, ದ್ರಾವಣದಲ್ಲಿನ ಅಣುಗಳನ್ನು ಅಯಾನುಗಳಾಗಿ ಅನಿಲಕ್ಕೆ ತರುವ ಎಲೆಕ್ಟ್ರೊಸ್ಪ್ರೇಗೆ 2002ರ ನೊಬೆಲ್ ಬಂತು. ಈ ದಾರಿಯಲ್ಲಿ ಮಾಸ್ ಸ್ಪೆಕ್ಟ್ರೊಮೀಟರ್ ಎಲ್‌ಸಿಗೆ ಜೊತೆಯಾದ ಮೇಲೆ ಆವಿಯಾಗದ ಫಾಸ್ಫೇಟ್ ಹೊರನಡೆಯಿತು. ಟ್ರೈಈಥೈಲಮೀನ್ ಯಂತ್ರದೊಳಗೆ ದಿನಗಟ್ಟಲೆ ಉಳಿದು ಸಂಕೇತವನ್ನು ಕುಗ್ಗಿಸುವುದರಿಂದ ಅದನ್ನೂ ಬಿಡಬೇಕಾಯಿತು. ಫಾರ್ಮಿಕ್ ಆಮ್ಲ, ಅಮೋನಿಯಂ ಫಾರ್ಮೇಟ್, ಅಸಿಟೇಟ್ ಮುಂದೆ ಬಂದವು. ಹೆಚ್ಚು ಶುದ್ಧವಾದ ಸಿಲಿಕಾ ಅಷ್ಟರಲ್ಲಿ ಬಂದಿದ್ದರಿಂದ ಅಮೀನಿನ ಅಗತ್ಯವೂ ತಗ್ಗಿತ್ತು.

ಈ ಬದಲಾವಣೆಯ ಫಲ ಕಂಡದ್ದು, 2018ರಲ್ಲಿ ರಕ್ತದೊತ್ತಡದ ಮದ್ದು ವಾಲ್ಸಾರ್ಟನ್‌ನಲ್ಲಿ ಎನ್‌ಡಿಎಂಎ ಎಂಬ ಕ್ಯಾನ್ಸರ್‌ಕಾರಕ ಕಲ್ಮಶ ಪತ್ತೆಯಾದ ನಂತರ. ಆಗ ಎನ್‌ಡಿಎಂಎ ಮಿತಿ ದಿನಕ್ಕೆ 96 ನ್ಯಾನೊಗ್ರಾಂ. 2019ರಲ್ಲಿ ಎದೆಯುರಿಯ ಮದ್ದು ರಾನಿಟಿಡಿನ್ ಸರದಿ ಬಂದಾಗ ಗ್ಯಾಸ್ ಕ್ರೊಮ್ಯಾಟೊಗ್ರಫಿಯ ಶಾಖವೇ ಎನ್‌ಡಿಎಂಎಯನ್ನು ಹುಟ್ಟಿಸುವ ಅಪಾಯ ಎದುರಾಯಿತು. ಅಮೆರಿಕದ ಎಫ್‌ಡಿಎ ಆರಿಸಿಕೊಂಡ ಎಲ್‌ಸಿ ವಿಧಾನದಲ್ಲಿ ನೀರಿಗೂ ಮೆಥನಾಲಿಗೂ ಶೇ. 0.1 ಫಾರ್ಮಿಕ್ ಆಮ್ಲ ಬೆರೆಸಲಾಗಿತ್ತು.

ಹಳೆಯ ಸೇರ್ಪಡೆಗಳು ಮಾತ್ರ ಅಳಿದಿಲ್ಲ. ಒಪ್ಪಿತವಾದ ವಿಧಾನ ಬದಲಿಸಿದರೆ ಮತ್ತೆ ಪ್ರಮಾಣೀಕರಿಸಬೇಕು. ಹಾಗಾಗಿ ಹೊಸ ಕಾಲಂ ಕೊಂಡ ಪ್ರಯೋಗಾಲಯವೂ ಹಳೆಯ ಸಿಲಿಕಾದ ಮದ್ದನ್ನು ಮುಂದುವರಿಸುತ್ತದೆ. ಫಾರ್ಮಕೋಪಿಯಾದ ವಿಧಾನವೊಂದರಲ್ಲಿ ಟ್ರೈಈಥೈಲಮೀನ್ ಕಂಡರೆ, ಆ ವಿಧಾನ ಯಾವ ಕಾಲದ ಕಾಲಂಗೆ ರೂಪುಗೊಂಡಿತೆಂದು ಮೊದಲು ಹುಡುಕಬೇಕೆಂಬುದು ನನ್ನ ಸಲಹೆ.